ಅರ್ಧ ಗಂಟೆ ಕೂತಿರಿ

ಕೆಲವರ ಮುಖ ನೋಡಿದ ಕೂಡಲೇ ಜನರಿಗೆ ನಂಬಿಕೆ ಹುಟ್ಟುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ತಮ್ಮ ಮಗುವನ್ನು ಅಂಥವರ ತೊಡೆಯ ಮೇಲೆ ಕೂರಿಸಿ ನಿದ್ದೆ ಹೋಗುತ್ತಾರೆ. ಅಂಗಡಿಯವರು "ಒಂದು ನಿಮಿಷ ನೋಡಿಕೊಳ್ಳಿ" ಎಂದು ಅಂಗಡಿಯನ್ನೇ ಬಿಟ್ಟು ಚಹಾಕ್ಕೆ ಹೋಗುತ್ತಾರೆ. ನನ್ನ ಮುಖ ಆ ಬಗೆಯದಲ್ಲ. ನಾನು ಪಕ್ಕದಲ್ಲಿ ಕೂತರೆ ಜನರು ಚೀಲವನ್ನು ಇನ್ನೊಂದು ಮಗ್ಗುಲಿಗೆ ಎತ್ತಿಟ್ಟುಕೊಳ್ಳುತ್ತಾರೆ. ಹುಬ್ಬು ಹುಟ್ಟಿನಿಂದಲೇ ಸ್ವಲ್ಪ ಗಂಟಿಕ್ಕಿಕೊಂಡಿರುವುದರಿಂದ, ಸುಮ್ಮನೆ ಕೂತಿದ್ದರೂ ಯಾರ ಮೇಲೋ ಸಿಟ್ಟಿನಲ್ಲಿರುವ ಹಾಗೆ ಕಾಣುತ್ತೇನಂತೆ. ಇಂಥ ಮುಖವನ್ನು ಇಟ್ಟುಕೊಂಡು ಅಂಚೆ ವಿಂಗಡಿಸುವ ಕೆಲಸಕ್ಕೋ, ಟೆಲಿಫೋನ್ ಎಕ್ಸ್‌ಚೇಂಜಿಗೋ ಹೋಗಬಹುದಿತ್ತು. ಅಲ್ಲಿ ಯಾರೂ ಮುಖ ನೋಡುವುದಿಲ್ಲ. ನಾನು ಹೋಗಿ ನರ್ಸಾದೆ. ಕೈಯಲ್ಲಿ ಸೂಜಿ ಹಿಡಿದುಕೊಂಡು "ನನ್ನನ್ನು ನಂಬಿ" ಎಂದು ಜನರ ಮುಂದೆ ನಿಲ್ಲುವ ಕೆಲಸವನ್ನೇ ಹುಡುಕಿ ಹುಡುಕಿ ಆರಿಸಿಕೊಂಡೆ.

ನಮ್ಮದು ಕಾರ್ಕಳ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ಟ್ರು. ಮಗಳೂ ಟೀಚರ್ ಆಗಲಿ ಎಂದು ಅವರ ಆಸೆ. ನಾನು ಹಟ ಮಾಡಿ ಮಣಿಪಾಲಕ್ಕೆ ಹೋಗಿ ನರ್ಸಿಂಗ್ ಓದಿದೆ. ಎಪ್ಪತ್ತರ ದಶಕದಲ್ಲಿ ನಮ್ಮ ಮನೆತನದಲ್ಲಿ ಅದು ಸಣ್ಣ ಸುದ್ದಿಯೇನಲ್ಲ. ನೆಂಟರು ಮದುವೆ ಮುಂಜಿಗಳಲ್ಲಿ ಅಮ್ಮನನ್ನು ಮೂಲೆಗೆ ಕರೆದು, ಯಾರೋ ತೀರಿಕೊಂಡಾಗ ಕೇಳುವ ಸ್ವರದಲ್ಲಿ "ಹೇಗೆ ಸಹಿಸಿಕೊಂಡಿರಿ?" ಎಂದು ವಿಚಾರಿಸುತ್ತಿದ್ದರು. ನಾನು ಮಾತ್ರ ಬಿಳಿ ಸೀರೆ, ಬಿಳಿ ಟೊಪ್ಪಿಗೆಯಲ್ಲಿ ತೇಲುತ್ತಿದ್ದೆ. ತರಬೇತಿಯ ಕಾಲದಲ್ಲಿ ಒಂದು ದಿನ, ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಂಡ ಗಟ್ಟಿಮುಟ್ಟಾದ ಯುವಕನೊಬ್ಬ ನಾವು ನೋಡುತ್ತಿದ್ದ ಹಾಗೆ ಮುಖ ಊದಿಕೊಂಡು, ಉಸಿರು ಸಿಗದೆ, ಮಂಚದ ಸರಳು ಹಿಡಿದು ಒದ್ದಾಡಿದ. ಹೊರಗಿನಿಂದ ಬಂದವನು, ಈ ಮದ್ದು ಮೈಗೆ ಒಗ್ಗುತ್ತದೋ ಎಂಬ ಟೆಸ್ಟ್ ಆಗಿದೆಯೇ ಎಂದು ಕೇಳಿದ್ದಕ್ಕೆ ಸುಮ್ಮನೆ ಹೌದು ಅಂದಿದ್ದನಂತೆ. ಹೇಗೋ ಉಳಿದುಕೊಂಡ. ವಾರ್ಡಿನ ಹಿರಿಯ ಸಿಸ್ಟರ್ ಬೆವರು ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ, "ವಸಂತಿ, ಈ ಮುಖ ನೆನಪಿಟ್ಟುಕೋ" ಅಂದರು. ನೆನಪಿಟ್ಟುಕೊಂಡೆ. ಮುಂದೆ ನಾನು ಪಟ್ಟ ಪಾಡಿಗೆಲ್ಲ ಆ ನೆನಪೇ ಮೂಲ.

ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಗುವವರೆಗೆ ಸುಮ್ಮನೆ ಕೂರುವುದು ಬೇಡವೆಂದು ಅಪ್ಪ, ಕಾಪುವಿನಲ್ಲಿ ಪ್ರಾಕ್ಟೀಸು ಮಾಡುತ್ತಿದ್ದ ಪರಿಚಯದ ಡಾಕ್ಟರೊಬ್ಬರಲ್ಲಿ ಮಾತಾಡಿ ನನ್ನನ್ನು ಅಲ್ಲಿಗೆ ಸೇರಿಸಿದರು. ವಾಸ ಕಟಪಾಡಿಯ ಚಿಕ್ಕಮ್ಮನ ಮನೆಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಕಾಪುವಿಗೆ ಹೋಗಿ ಸಂಜೆ ವಾಪಸ್ಸು. ಕ್ಲಿನಿಕ್ಕು ಎಂದರೆ ಹಂಚಿನ ಮನೆಯ ಮುಂದಿನ ಕೋಣೆ. ಜಗಲಿಯಲ್ಲಿ ರೋಗಿಗಳಿಗೆ ಒಂದು ಉದ್ದದ ಬೆಂಚು, ಒಳಗೆ ಡಾಕ್ಟರ ಮೇಜು, ಪರದೆಯ ಹಿಂದೆ ಒಂದು ಮಂಚ, ಮೂಲೆಯಲ್ಲಿ ಸ್ಟವ್ವಿನ ಮೇಲೆ ಗಾಜಿನ ಸಿರಿಂಜು, ಸೂಜಿಗಳು ಕುದಿಯುವ ಪಾತ್ರೆ. ಡಾಕ್ಟರಿಗೆ ಅರುವತ್ತು ದಾಟಿತ್ತು. ಒಳ್ಳೆಯವರು, ಮಾತು ಕಡಿಮೆ. ಪೇಪರಿನಲ್ಲಿ ಬರುವ ಪದಬಂಧ ಬಿಡಿಸುವುದು ಅವರ ಒಂದೇ ಚಟ. ಆದರೆ ರೋಗಿಗಳ ದೆಸೆಯಿಂದ ಅದು ಒಂದು ದಿನವೂ ಪೂರ್ತಿಯಾಗುತ್ತಿರಲಿಲ್ಲ. "ವಯಸ್ಸಾಯಿತು ಮಾರಾಯ್ತಿ, ಕೈ ಸ್ವಲ್ಪ ನಡುಗ್ತದೆ. ಇನ್ನು ಇಂಜೆಕ್ಷನ್, ಡ್ರೆಸ್ಸಿಂಗ್ ಎಲ್ಲ ನಿನ್ನದು" ಎಂದು ಮೊದಲ ದಿನವೇ ಒಪ್ಪಿಸಿಬಿಟ್ಟರು. ನನಗೆ ರಾಜ್ಯ ಸಿಕ್ಕಿದಷ್ಟು ಸಂತೋಷವಾಯಿತು.

ಪ್ರಜೆಗಳು ಒಪ್ಪಬೇಕಲ್ಲ? ಮೊದಲು ಬಂದವರು ಕಡಲ ಬದಿಯಿಂದ ಮೀನಿನ ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬರು. ಬುಟ್ಟಿಯನ್ನು ಮೆಟ್ಟಿಲ ಬಳಿ ಇಳಿಸಿ ಒಳಗೆ ಬಂದು, ಸಿರಿಂಜು ಹಿಡಿದ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಡಾಕ್ಟ್ರು ಇಲ್ವಾ?"

"ಇದ್ದಾರೆ. ಇಂಜೆಕ್ಷನ್ ನಾನು ಕೊಡ್ತೇನೆ."

"ನೀವು ಯಾಕೆ? ಅವರ ಕೈಗೆ ಎಂತ ಆಗಿದೆ?"

ಅವರ ಕೈ ನಡುಗುತ್ತದೆ ಎಂದು ಹೇಳುವ ಹಾಗಿಲ್ಲ. ನಾನು ಕಲಿತು ಬಂದವಳು ಎಂದೆ. "ಕಲಿತದ್ದು ಇರಬಹುದು ಬಾಯಮ್ಮ, ಕೈಗುಣ ಅಂತ ಒಂದು ಉಂಟಲ್ವಾ?" ಎಂದು ಅವರು ನೇರ ಡಾಕ್ಟರ ಮುಂದೆ ಹೋಗಿ ತೋಳು ಚಾಚಿ ನಿಂತರು. ನಮ್ಮ ಕಡೆ ಹಳಬರಿಗೆ ನರ್ಸ್ ಎಂದರೆ ಬಾಯಮ್ಮ. ಡಾಕ್ಟರು ನಡುಗುವ ಕೈಯಲ್ಲೇ ಚುಚ್ಚಿದರು. ಎರಡು ಸಲ ಚುಚ್ಚಬೇಕಾಯಿತು. "ನೋಡಿ, ಗೊತ್ತೇ ಆಗ್ಲಿಲ್ಲ" ಎಂದು ಅವರು ನನ್ನ ಕಡೆ ತಿರುಗಿ ಹೇಳಿ, ತೋಳು ತಿಕ್ಕಿಕೊಳ್ಳುತ್ತ ಹೋದರು. ನನ್ನ ಪಾಲಿಗೆ ಬಂದದ್ದು ಹತ್ತಿ, ಸ್ಪಿರಿಟ್ಟು, ಮತ್ತು ಕುದಿಯುವ ನೀರು.

ಇಷ್ಟಾದರೂ ಹೇಗೋ ನಡೆಯುತ್ತಿತ್ತು. ನಾನು ಸುಮ್ಮನಿರಬೇಕಿತ್ತು. ಆದರೆ ಪೆನಿಸಿಲಿನ್ ಕೊಡುವ ಮೊದಲು ಪ್ರತಿಯೊಬ್ಬರಿಗೂ ಟೆಸ್ಟ್ ಡೋಸ್ ಕೊಡಲೇಬೇಕು ಎಂದು ನಾನು ಡಾಕ್ಟರಲ್ಲಿ ಪಟ್ಟು ಹಿಡಿದೆ. ಮುಂಗೈಯ ಚರ್ಮದಡಿ ಒಂದು ಹನಿ ಮದ್ದು ಹಾಕಿ, ಅರ್ಧ ಗಂಟೆ ಕೂರಿಸಿ ನೋಡುವುದು. ಉಬ್ಬಿ ಕೆಂಪಾದರೆ ಆ ಮದ್ದು ಅವರಿಗೆ ಆಗುವುದಿಲ್ಲ ಎಂದರ್ಥ. ಅಲ್ಲಿಯವರೆಗೆ ಡಾಕ್ಟರು "ಮುಂಚೆ ತಗೊಂಡಿದ್ದೀರಾ? ಎಂತಾದರೂ ಆಗಿದೆಯಾ?" ಎಂದು ಕೇಳಿ ಕೊಡುತ್ತಿದ್ದರು. ಮಣಿಪಾಲದಲ್ಲಿ ನೋಡಿದ್ದನ್ನು ನಾನು ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಪೆನ್ಸಿಲಿನ ಹಿಂಬದಿ ಕಚ್ಚಿ, "ನೀನು ಹೇಳುವುದು ಸರಿ, ಮಾಡುವ" ಎಂದರು. ಅವರು ಒಪ್ಪಿದ್ದರಿಂದ ನನ್ನ ಕಷ್ಟ ಇಮ್ಮಡಿಯಾಯಿತು. ಒಂದು ಸಲ ಚುಚ್ಚಿಸಿಕೊಳ್ಳಲು ಬಂದವರಿಗೆ ಎರಡು ಸಲ ಚುಚ್ಚಬೇಕು. ನಡುವೆ ಅರ್ಧ ಗಂಟೆ ಕೂರಿಸಬೇಕು. ಮೀನು ಮಾರುವವರಿಗೆ ಅರ್ಧ ಗಂಟೆ ಕೂರಿ ಎಂದರೆ ಬುಟ್ಟಿಯಲ್ಲಿದ್ದ ಬಂಗುಡೆ ಕೇಳುತ್ತದೆಯೇ? "ಬಸ್ಸು ಹೋಗ್ತದೆ ಬಾಯಮ್ಮ", "ಗಂಜಿ ಒಲೆಯಲ್ಲಿ ಉಂಟು ಬಾಯಮ್ಮ" ಎಂದು ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು. ನಾನು ಹತ್ತಿ ಹಿಡಿದುಕೊಂಡು ರಸ್ತೆಯವರೆಗೆ ಓಡಿ ಅವರನ್ನು ಹಿಡಿದು ತರುತ್ತಿದ್ದೆ.

ಹೀಗಿರುವಾಗ ಬಂದರು ಹೆಡ್‌ಮಾಸ್ಟ್ರು. ನಿವೃತ್ತರಾಗಿದ್ದರೂ ಊರಿಗೆ ಅವರು ಹೆಡ್‌ಮಾಸ್ಟ್ರೇ. ಕಾಪುವಿನ ಅರ್ಧ ಜನರ ಕಿವಿಗಳು ಅವರ ಬೆರಳಿಗೆ ಪರಿಚಯ. ಕುತ್ತಿಗೆಯ ಹಿಂದೆ ದೊಡ್ಡದೊಂದು ಕುರು ಎದ್ದಿದ್ದರಿಂದ ತಲೆ ತಿರುಗಿಸಲು ಆಗದೆ, ಯಾರನ್ನು ನೋಡಬೇಕಾದರೂ ಇಡೀ ಶರೀರವನ್ನೇ ತಿರುಗಿಸುತ್ತಿದ್ದರು. ಜೊತೆಗೆ ಹೆಂಡತಿ ಕಾವೇರಿಯಮ್ಮ. ಅವರ ಕೊಡೆ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ. ಡಾಕ್ಟರು ಪೆನಿಸಿಲಿನ್ ಬರೆದರು. ನಾನು ಸಣ್ಣ ಸಿರಿಂಜು ಹಿಡಿದು ಎದುರು ನಿಂತೆ.

"ಇದೆಂತದು?"

"ಟೆಸ್ಟ್ ಡೋಸ್ ಸರ್. ಮೊದಲು ಮುಂಗೈಗೆ ಒಂದು ಹನಿ ಹಾಕಿ ನೋಡ್ತೇವೆ. ಅರ್ಧ ಗಂಟೆ ಕೂತಿರಿ."

ಹೆಡ್‌ಮಾಸ್ಟ್ರು ಇಡೀ ಶರೀರವನ್ನು ನನ್ನ ಕಡೆ ತಿರುಗಿಸಿದರು. "ನೀನು ನನ್ನನ್ನು ಪರೀಕ್ಷೆ ಮಾಡುವುದಾ? ಈ ಊರಿನಲ್ಲಿ ಪರೀಕ್ಷೆ ಮಾಡುವವನು ನಾನು."

ಬೆಂಚಿನಲ್ಲಿ ಕೂತವರೆಲ್ಲ ಅವರ ಶಿಷ್ಯರೇ. ಒಬ್ಬಿಬ್ಬರ ಕೈ ತಾನಾಗಿ ಕಿವಿಗೆ ಹೋಯಿತು. ಡಾಕ್ಟರು ಒಳಗಿನಿಂದ "ಕೈ ಕೊಡಿ ಮಾಸ್ಟ್ರೇ" ಎಂದದ್ದಕ್ಕೆ, ಕೊಡಬಾರದವರಿಗೆ ಕೊಡುವ ಹಾಗೆ ಕೈ ಕೊಟ್ಟರು. ಹನಿ ಹಾಕಿದೆ. ಬೇಗನೇ ಅಲ್ಲಿ ತುರಿಕೆ ಶುರುವಾಯಿತು. ಸಾಸಿವೆಯಷ್ಟಿದ್ದ ಉಬ್ಬು ಕಡಲೆಯಷ್ಟಾಗಿ, ಸುತ್ತಲೂ ಕೆಂಪು ಹರಡಿತು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಇಷ್ಟು ದಿನ ರಸ್ತೆಗೆ ಓಡಿ ಜನರನ್ನು ಹಿಡಿದು ತಂದದ್ದು ಸಾರ್ಥಕವಾಯಿತು, ಒಂದು ಜೀವ ಉಳಿಯಿತು ಎಂದು ಅನಿಸಿ, "ಡಾಕ್ಟ್ರೇ, ಬಂತು! ಮಾಸ್ಟ್ರಿಗೆ ಬಂತು!" ಎಂದು ಲಾಟರಿ ಹೊಡೆದವಳ ಹಾಗೆ ಕೂಗಿಬಿಟ್ಟೆ. ಡಾಕ್ಟರು ಬಂದು ನೋಡಿ, "ನಿಮಗೆ ಪೆನಿಸಿಲಿನ್ ಆಗುವುದಿಲ್ಲ ಮಾಸ್ಟ್ರೇ. ಇನ್ನು ಎಲ್ಲಿ ಹೋದರೂ, ಯಾರು ಕೊಟ್ಟರೂ ಬೇಡ ಅನ್ನಿ" ಎಂದು ತಿಳಿಹೇಳಿ, ಬೇರೆ ಮಾತ್ರೆ ಕೊಟ್ಟು ಕುರು ಕೊಯ್ದು ಕಳಿಸಿದರು. ಕಾವೇರಿಯಮ್ಮ ಗಮನವಿಟ್ಟು ಕೇಳಿಸಿಕೊಂಡರು. ಹೆಡ್‌ಮಾಸ್ಟ್ರು ಕೇಳಿಸಿಕೊಂಡದ್ದು ನನ್ನ ಕೂಗನ್ನು ಮಾತ್ರ.

ಮಧ್ಯಾಹ್ನದೊಳಗೆ ಆ ಉಬ್ಬು ಹೋಟೆಲಿನ ಗೋಳಿಬಜೆಯಷ್ಟಾಗಿತ್ತು. ಮುಂಗೈಯಲ್ಲಲ್ಲ, ಊರಿನ ಬಾಯಲ್ಲಿ. ಮೀನು ಮಾರ್ಕೆಟ್ಟು ತಲುಪುವಾಗ ಇಡೀ ತೋಳೇ ಊದಿಕೊಂಡಿತ್ತು. ಸಂಜೆ ನಾನು ಕಟಪಾಡಿಯಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. "ಎಂತ ವಸಂತಿ, ಹೆಡ್‌ಮಾಸ್ಟ್ರ ಕೈಗೆ ಎಂತ ಚುಚ್ಚಿದೆ ನೀನು? ಕೈ ಎತ್ತಲಿಕ್ಕೇ ಆಗುವುದಿಲ್ಲವಂತೆ!" ಸುದ್ದಿ ನನಗಿಂತ ಮುಂಚಿನ ಬಸ್ಸಿನಲ್ಲಿ ಬಂದಿತ್ತು. ಟೆಸ್ಟಿನಿಂದ ಅವರ ಜೀವ ಉಳಿಯಿತು ಎಂದು ನಾನು ವಿವರಿಸಿದೆ. "ಜೀವ ಉಳಿಸುವುದಕ್ಕೆ ಕೈ ಯಾಕೆ ಊದಿಸಬೇಕು?" ಎಂದು ಚಿಕ್ಕಮ್ಮ ಕೇಳಿದರು. ಉತ್ತರ ಕೊಡಲು ಹೋದರೆ ಮೂರು ವರ್ಷದ ಪಾಠವನ್ನೆಲ್ಲ ಹೇಳಬೇಕಾಗುತ್ತಿತ್ತು.

ಮರುದಿನದಿಂದ ಬೆಂಚು ಖಾಲಿ. ಬರುವವರೂ ಮೊದಲು ಕಿಟಕಿಯಲ್ಲಿ ಇಣುಕಿ, ನಾನು ಮೂಲೆಯ ಸ್ಟವ್ವಿನ ಹತ್ತಿರ ಇದ್ದೇನೆ ಎಂದು ಖಚಿತ ಮಾಡಿಕೊಂಡು, ನನ್ನಿಂದ ದೂರವಿರುವ ಗೋಡೆಯನ್ನು ಸವರಿಕೊಂಡು ಡಾಕ್ಟರ ಹತ್ತಿರ ಹೋಗುತ್ತಿದ್ದರು. ಮಕ್ಕಳು ಊಟ ಮಾಡದಿದ್ದರೆ "ಬಾಯಮ್ಮನನ್ನು ಕರೀತೇನೆ" ಎಂದು ಹೆದರಿಸುವುದು ರೂಢಿಯಾಯಿತು. ನಾನು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಕಡಲ ದಂಡೆಗೆ ಹೋಗಿ, ದೀಪಸ್ತಂಭದ ಬಂಡೆಯ ನೆರಳಿನಲ್ಲಿ ಕೂತು ಅಳುತ್ತಿದ್ದೆ. ನೆಮ್ಮದಿಯಿಂದ ಅಳಲಿಕ್ಕೂ ಕಾಗೆಗಳು ಬಿಡುತ್ತಿರಲಿಲ್ಲ. ಒಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳಬೇಕು, ಇನ್ನೊಂದರಲ್ಲಿ ಬುತ್ತಿ ಮುಚ್ಚಿಕೊಳ್ಳಬೇಕು. ಕಡೆಗೊಂದು ದಿನ ಧೈರ್ಯ ಮಾಡಿ ಡಾಕ್ಟರ ಮುಂದೆ ನಿಂತು, "ನಾನು ಬಿಟ್ಟು ಹೋಗ್ತೇನೆ ಡಾಕ್ಟ್ರೇ. ನನ್ನಿಂದ ನಿಮ್ಮ ಪ್ರಾಕ್ಟೀಸು ಹಾಳಾಯಿತು" ಎಂದೆ. ಅವರು ಪೇಪರಿನಿಂದ ತಲೆ ಎತ್ತಿದರು. "ಇಷ್ಟು ವರ್ಷದಲ್ಲಿ ಈಗ ಪದಬಂಧ ಪೂರ್ತಿ ಆಗ್ತಾ ಉಂಟು ಮಾರಾಯ್ತಿ. ಇನ್ನು ಸ್ವಲ್ಪ ದಿನ ಇರು" ಎಂದರು. ರಾಜೀನಾಮೆಗೂ ನಾನು ಲಾಯಕ್ಕಿಲ್ಲ ಎಂದಾಯಿತು.

ಇದಾಗಿ ಕೆಲವು ತಿಂಗಳಿಗೆ ಒಂದು ಬೆಳಿಗ್ಗೆ, ಹೆಡ್‌ಮಾಸ್ಟ್ರನ್ನು ಮಣಿಪಾಲಕ್ಕೆ ಸೇರಿಸಿದ್ದಾರೆ ಎಂಬ ಸುದ್ದಿ ಬಂತು. ಕಾಲಿಗೆ ಗಾಯವಾಗಿ ಕೀವಾಗಿತ್ತಂತೆ. ನಮ್ಮಲ್ಲಿಗೆ ಬರಲು ಮನಸ್ಸಿಲ್ಲದೆ ಉಡುಪಿಯಲ್ಲಿ ಬೇರೊಬ್ಬ ಡಾಕ್ಟರಲ್ಲಿಗೆ ಹೋಗಿದ್ದಾರೆ. ಅವರು ಟೆಸ್ಟಿಗೆ ಮುಂಗೈ ಕೇಳಿದಾಗ, "ಅದೆಲ್ಲ ಕಾಪುವಿನಲ್ಲಿ ಆಗಿದೆ, ನನಗೆ ಎಂತದೂ ಆಗುವುದಿಲ್ಲ" ಎಂದು ಹೆಡ್‌ಮಾಸ್ಟ್ರ ಗತ್ತಿನಲ್ಲಿ ಹೇಳಿದ್ದಾರೆ. ಇಂಜೆಕ್ಷನ್ ತೆಗೆದುಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಕುಸಿದಿದ್ದಾರೆ. ಆ ಡಾಕ್ಟರು ಓಡಿ ಬಂದು ಬೇರೆ ಮದ್ದು ಚುಚ್ಚಿ, ಟ್ಯಾಕ್ಸಿಯಲ್ಲಿ ಹಾಕಿ ಮಣಿಪಾಲ ಮುಟ್ಟಿಸದಿದ್ದರೆ ಮುಗಿದಿತ್ತು. ಇದನ್ನು ಕೇಳಿದಾಗ ನನಗೆ ಕಂಡದ್ದು ಮಂಚದ ಸರಳು ಹಿಡಿದಿದ್ದ ಆ ಯುವಕನ ಮುಖ. ನಾನು ಅಂದು ಹಾಗೆ ಕೂಗಿ ಅವಮಾನ ಮಾಡದೆ, ಮೆಲ್ಲಗೆ ಹೇಳಿದ್ದರೆ ಈ ಮನುಷ್ಯ ಕೇಳುತ್ತಿದ್ದರೋ ಏನೋ ಎಂದು ಸಂಕಟವಾಯಿತು. ಡಾಕ್ಟರಲ್ಲಿ ರಜೆ ಕೇಳಿ, ಎರಡು ಮೂಸಂಬಿ ಹಿಡಿದು ಮಣಿಪಾಲಕ್ಕೆ ಹೋದೆ.

ಹೆಡ್‌ಮಾಸ್ಟ್ರು ದಿಂಬಿಗೆ ಒರಗಿ ಕೂತಿದ್ದರು. ಮುಖದ ಊತ ಪೂರ್ತಿ ಇಳಿದಿರಲಿಲ್ಲ. ಕಣ್ಣು ಸಣ್ಣದಾಗಿ, ತುಟಿ ದಪ್ಪವಾಗಿ, ಬೇರೆ ಯಾರೋ ಅವರ ಸ್ವರದಲ್ಲಿ ಮಾತಾಡುವ ಹಾಗಿತ್ತು.

"ಬಂದೆಯಾ? ನೋಡು. ನೀನು ಅವತ್ತು ಕೈಗೆ ಹಾಕಿದ ವಿಷ ಇನ್ನೂ ನನ್ನ ಮೈಯಲ್ಲಿತ್ತು. ಅದು ಈಗ ಎದ್ದದ್ದು."

ನಾನು ಮೂಸಂಬಿಯನ್ನು ಕಿಟಕಿಯಲ್ಲಿಟ್ಟು ಹೊರಗೆ ಬಂದೆ. ಕಾವೇರಿಯಮ್ಮ ಹಿಂದೆಯೇ ಬಂದರು. ಉದ್ದದ ವರಾಂಡದ ಕೊನೆಯಲ್ಲಿ ಅವರು ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

"ನಾನು ಬೇಡ ಅಂದೆ ಮಗಾ. ಡಾಕ್ಟ್ರು ಹೇಳಿದ್ದಾರಲ್ವಾ, ಪೆನಿಸಿಲಿನ್ ಬೇಡ ಅಂತ ಅವರಲ್ಲಿ ಹೇಳಿ ಅಂದೆ. ಬಾಯಿ ಮುಚ್ಚು ಅಂದರು. ಮುಚ್ಚಿದೆ." ಸೆರಗಿನಿಂದ ಕಣ್ಣೊತ್ತಿಕೊಂಡರು. "ಟ್ಯಾಕ್ಸಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲೆ ಇತ್ತು. ನಾನು ಬಾಯಿ ಮುಚ್ಚಿದ್ದಕ್ಕೆ ಇವರು ಹೋದರು ಅಂತಲೇ ಅಂದುಕೊಂಡೆ. ಇನ್ನು ಮುಚ್ಚುವುದಿಲ್ಲ."

ಮುಚ್ಚಲಿಲ್ಲ. ಹೆಡ್‌ಮಾಸ್ಟ್ರು ಮನೆಗೆ ಬಂದ ಸ್ವಲ್ಪ ದಿನಕ್ಕೆ ಕಾವೇರಿಯಮ್ಮನ ಕಾಲಿಗೆ ಕಡಲ ದಂಡೆಯಲ್ಲಿ ಮರುವಾಯಿ ಚಿಪ್ಪು ತಾಗಿ ಗಾಯ ಕೆಂಪಾಯಿತು. ಒಬ್ಬರೇ ಕೊಡೆ ಹಿಡಿದು ಕ್ಲಿನಿಕ್ಕಿಗೆ ಬಂದು, "ಬಾಯಮ್ಮನೇ ಕೊಡಲಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಮುಂಗೈ ಚಾಚಿ ಕೂತರು. ಟೆಸ್ಟ್ ಮಾಡಿದೆ. ಅರ್ಧ ಗಂಟೆ ಕೂತರು. ಏನೂ ಆಗಲಿಲ್ಲ. ಆ ಕೈಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಇವರಿಗೆ ಅಷ್ಟು ಆಯಿತು, ನನಗೆ ಎಂತದೂ ಆಗ್ಲಿಲ್ವಲ್ಲ ಮಗಾ?" ಒಬ್ಬೊಬ್ಬರ ದೇಹಪ್ರಕೃತಿ ಒಂದೊಂದು ಥರ ಎಂದೆ. ಅವರು ಬೆಂಚಿನ ಕಡೆ ತಿರುಗಿ, ಬಹಳ ಮೆಲ್ಲಗೆ, "ಪ್ರಕೃತಿ ಅಂದರೆ ಸ್ವಭಾವ ಅಲ್ವಾ? ಸಿಟ್ಟಿನವರಿಗೆ ಆಗುವುದು ಕಾಣ್ತದೆ" ಎಂದರು. ನಲವತ್ತು ವರ್ಷ ಎರಡು ಹೆಜ್ಜೆ ಹಿಂದೆ ನಡೆದ ಹೆಂಗಸು ಒಂದೇ ಮಾತಿನಲ್ಲಿ ಮುಂದೆ ಹೋಗಿಬಿಟ್ಟರು.

ವಾರದೊಳಗೆ ಕ್ಲಿನಿಕ್ಕಿನಲ್ಲಿ ನಿಲ್ಲಲು ಜಾಗವಿಲ್ಲ. ಬಾಯಮ್ಮನ ಹತ್ತಿರ ಒಂದು ಮದ್ದು ಉಂಟು, ಮುಂಗೈಗೆ ಹಾಕಿದರೆ ಮನುಷ್ಯನ ಒಳಗಿನ ಗುಣ ಹೊರಗೆ ಬರುತ್ತದೆ, ಒಳ್ಳೆಯವರಿಗೆ ಏನೂ ಆಗುವುದಿಲ್ಲ, ಅಹಂಕಾರದವರಿಗೆ ಉಬ್ಬುತ್ತದೆ ಎಂದು ಊರೆಲ್ಲ ಸುದ್ದಿ! ದೈವದ ಮುಂದೆ ಪ್ರಮಾಣ ಮಾಡುವಷ್ಟು ದೊಡ್ಡದಲ್ಲದ ತಕರಾರುಗಳೆಲ್ಲ ನಮ್ಮ ಜಗಲಿಗೆ ಬಂದವು. ದೋಣಿಯ ಪಾಲುದಾರನೊಬ್ಬ ಇನ್ನೊಬ್ಬನನ್ನು ಕೈ ಹಿಡಿದು ಎಳೆದು ತಂದು, "ಇವನಿಗೆ ಸ್ವಲ್ಪ ಹಾಕಿ ನೋಡಿ ಬಾಯಮ್ಮ" ಅಂದ. ಕಾಯಿಲೆಯಿಲ್ಲದವರಿಗೆ ಹಾಕುವುದಿಲ್ಲ ಎಂದು ಗದರಿ ಕಳಿಸಿದೆ. ಆದರೆ ಹಲ್ಲಿನ ಕೀವಿಗೆ ನಿಜವಾಗಿಯೂ ಪೆನಿಸಿಲಿನ್ ಬೇಕಾಗಿದ್ದ ಅತ್ತೆಯೊಬ್ಬರು ಸೊಸೆಯನ್ನು ಸಾಕ್ಷಿಗೆ ಕರೆದುಕೊಂಡು ಬಂದು ಟೆಸ್ಟಿಗೆ ಕೂತರು. ಏನೂ ಏಳಲಿಲ್ಲ. ಅತ್ತೆ ಕೆನ್ನೆ ಊದಿದ್ದರೂ ನಗುತ್ತ, ಕಲೆಯಿಲ್ಲದ ಮುಂಗೈಯನ್ನು ಸೊಸೆಯ ಮೂಗಿನ ಹತ್ತಿರ ಹಿಡಿದರು. ಅವರು ಇಂಜೆಕ್ಷನ್ನಿಗೆ ಪರದೆಯ ಹಿಂದೆ ಹೋದಾಗ ಸೊಸೆ ನನ್ನ ಬಳಿ ಬಂದು, "ಸಿಸ್ಟರ್, ಇನ್ನೊಮ್ಮೆ ನೋಡ್ತೀರಾ? ಆ ಮದ್ದು ಹಳತಾಗಿತ್ತೋ ಏನೋ" ಎಂದು ಪಿಸುಗುಟ್ಟಿದಳು.

ನಾನು ದಿನವೂ ಬೆಂಚಿನ ಮುಂದೆ ನಿಂತು ಭಾಷಣ ಮಾಡಿದೆ. ಇದು ಗುಣದ ಪ್ರಶ್ನೆಯಲ್ಲ, ಅಲರ್ಜಿ; ದೇವರಂಥವರಿಗೂ ಆಗಬಹುದು, ಕಳ್ಳರಿಗೂ ಆಗದಿರಬಹುದು ಎಂದೆ. ಜನರು ತಲೆದೂಗಿ, "ಬಾಯಮ್ಮ ಯಾರ ಮರ್ಯಾದೆಯನ್ನೂ ತೆಗೆಯುವುದಿಲ್ಲ, ಒಳ್ಳೆಯವರು" ಎಂದರು. ಬೆಂಚು ಖಾಲಿಯಾಗಿದ್ದಾಗ ನನಗಿದ್ದ ಹತಾಶೆ ಒಂದು ಬಗೆಯದ್ದಾದರೆ, ತುಂಬಿದ ಮೇಲೆ ಬಂದದ್ದು ಇನ್ನೂ ಕೆಟ್ಟದ್ದು. ಸತ್ಯ ಹೇಳಿದಾಗ ಓಡಿಹೋದವರು ಸುಳ್ಳಿಗೆ ಸಾಲಾಗಿ ಬಂದು ನಿಂತಿದ್ದರು. ಡಾಕ್ಟರಲ್ಲಿ ಗೋಳು ತೋಡಿಕೊಂಡರೆ, "ಅರ್ಧ ಗಂಟೆ ಕೂತ್ಕೊಳ್ತಾರಲ್ಲ, ನಮಗೆ ಅಷ್ಟೇ ಬೇಕಾದ್ದು" ಎಂದು ಅರ್ಧವಾದ ಪದಬಂಧವನ್ನು ದುಃಖದಿಂದ ಮಡಚಿಟ್ಟರು.

ಇಡೀ ಕಾಪುವಿನಲ್ಲಿ ನನ್ನ ಭಾಷಣವನ್ನು ನಂಬಿದವರು ಒಬ್ಬರೇ: ಹೆಡ್‌ಮಾಸ್ಟ್ರು. ಪಾಪ, ಅವರಿಗೆ ಬೇರೆ ದಾರಿ ಇರಲಿಲ್ಲ. ಊರಿಗೆ ಊರೇ ಅವರ ಮುಂಗೈ ನೋಡಿ ನಗುತ್ತಿತ್ತು. ರಕ್ತದೊತ್ತಡ ನೋಡಿಸುವ ನೆಪದಲ್ಲಿ ಬಂದು ಬೆಂಚಿನಲ್ಲಿ ಕೂತು, ಸಿಟ್ಟಿಲ್ಲ ಎಂದು ತೋರಿಸಲು ಸಿಕ್ಕಿದವರನ್ನೆಲ್ಲ ಪ್ರೀತಿಯಿಂದ ಮಾತಾಡಿಸುತ್ತಿದ್ದರು. ಹಳೆಯ ಶಿಷ್ಯರು ಇನ್ನಷ್ಟು ಹೆದರುತ್ತಿದ್ದರು. "ಸಿಸ್ಟರ್, ಆ ದೇಹಪ್ರಕೃತಿಯ ವಿಷಯ ಇನ್ನೊಮ್ಮೆ ಹೇಳಿ, ಇವರೂ ಕೇಳಲಿ" ಎಂದು ನನ್ನನ್ನು ಬಹುವಚನದಲ್ಲಿ ಬೇಡಿಕೊಳ್ಳುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ಒಬ್ಬರೇ "ಸರಿ, ಸರಿ" ಎನ್ನುತ್ತಿದ್ದರು.

ಆ ಮಳೆಗಾಲದಲ್ಲಿ ನನಗೆ ಗಂಟಲು ಕಟ್ಟಿ ಜ್ವರ ಬಂತು. ಡಾಕ್ಟರು ಬಾಯಿ ತೆರೆಸಿ ನೋಡಿ, "ಪೆನಿಸಿಲಿನ್ ಬೇಕಾಗ್ತದೆ. ಕೈ ಕೊಡು, ನಿನಗೂ ಕಾನೂನು ಒಂದೇ ಅಲ್ವಾ?" ಎಂದು ತಾವೇ ಟೆಸ್ಟ್ ಡೋಸ್ ಹಾಕಿದರು. ನಾನು ಹೆಮ್ಮೆಯಿಂದಲೇ ಜಗಲಿಯ ಬೆಂಚಿನಲ್ಲಿ ಜನರ ನಡುವೆ ಹೋಗಿ ಕೂತೆ. ಹೆಡ್‌ಮಾಸ್ಟ್ರೂ ಇದ್ದರು, ಅತ್ತೆಯೂ ಸೊಸೆಯೂ ಇದ್ದರು. ಸ್ವಲ್ಪ ಹೊತ್ತಿಗೆ ಮುಂಗೈ ಚುರುಚುರು ಎಂದಿತು. ಕಣ್ಣು ಕೆಳಗಿಳಿಸಿ ನೋಡಿದೆ. ಉಬ್ಬುತ್ತಿತ್ತು. ಸುತ್ತಲೂ ಕೆಂಪು ಹರಡುತ್ತಿತ್ತು. ಎಲ್ಲರಿಗೂ ಕೈ ಎತ್ತಿ ತೋರಿಸಿ, "ನೋಡಿ, ನನಗೂ ಆಯಿತು, ಇದು ಬರೀ ಅಲರ್ಜಿ" ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಸೆರಗನ್ನು ಮುಂಗೈಗೆ ಸುತ್ತಿಕೊಂಡು, ಚಳಿಯಾಗುತ್ತದೆ ಎಂದು ಒಳಗೆ ಓಡಿದೆ. ಡಾಕ್ಟರು ನೋಡಿ, "ದಿನಾ ಆ ಮದ್ದು ಮುಟ್ಟಿ ಮುಟ್ಟಿ ಹೀಗಾದದ್ದು. ನರ್ಸುಗಳಿಗೆ ಆಗುವುದುಂಟು" ಎಂದು ಬೇರೆ ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದರು. ಹೌದು, ನಾನೂ ಹಾಗೆಂದೇ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಬಸ್ಸಿನ ಕಿಟಕಿಯ ಬದಿಯಲ್ಲಿ ಕೂತು, ಈ ತಿಂಗಳು ಯಾರ ಯಾರ ಮೇಲೆ ಸಿಟ್ಟು ಮಾಡಿದ್ದೇನೆ ಎಂದು ನೆನಪು ಮಾಡಿಕೊಳ್ಳತೊಡಗಿದೆ. ದೋಣಿಯವನನ್ನು ಗದರಿದ್ದು, ಚಿಕ್ಕಮ್ಮನಿಗೆ ಎದುರು ಮಾತಾಡಿದ್ದು, ಕಾಗೆಗೆ ಕಲ್ಲು ಹೊಡೆದದ್ದು, ಹೀಗೆ ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಕಟಪಾಡಿ ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಕಂಡಕ್ಟರು ನನ್ನನ್ನು ಬೈದು ಮುಂದಿನ ಊರು ಉದ್ಯಾವರದಲ್ಲಿ ಇಳಿಸಿದರು. ಅವರ ಮೇಲೆ ಸಿಟ್ಟು ಬರುವುದರಲ್ಲಿತ್ತು. ಮುಂಗೈ ಮುಟ್ಟಿ ನೋಡಿಕೊಂಡು ಸುಮ್ಮನಾದೆ.